ಎಟ್ರುಸ್ಕನ್ನರ ಗೋರಿನಗರಗಳು: ಚೆರ್ವೆತೆರಿಯೋ, ತಾರ್ಕ್ವೀನಿಯವೋ, ಇನ್ನೂ ಉತ್ತರಕ್ಕೋ?

ಇಟಲಿಯ ಮಧ್ಯಭಾಗದಲ್ಲಿ, ಅಂದರೆ ಇಂದಿನ ತೊಸ್ಕಾನ, ಉತ್ತರ ಲಾಜಿಯೊ ಮತ್ತು ಪಶ್ಚಿಮ ಉಂಬ್ರಿಯ ಪ್ರಾಂತಗಳಲ್ಲಿ, ಕ್ರಿ.ಪೂ. 9ನೇ ಶತಮಾನದಿಂದ ಕ್ರಿ.ಪೂ. 1ನೇ ಶತಮಾನದವರೆಗೆ ಬಾಳಿದ ಎಟ್ರುಸ್ಕನ್ನರ ಮನೆಗಳು ಇಂದು ನೋಡಸಿಗುವುದು ಬಹಳ ಕಡಿಮೆ. ಮರ, ಹಸಿ ಇಟ್ಟಿಗೆ ಮತ್ತು ಹೆಂಚಿನಿಂದ ಕಟ್ಟಿದ ಆ ಮನೆಗಳು ಮಣ್ಣಾದವು. ಅವರ ಊರುಗಳ ಮೇಲೆಯೇ ರೋಮನ್ನರ ಊರುಗಳೂ ಆಮೇಲೆ ಮಧ್ಯಯುಗದ ಊರುಗಳೂ ಎದ್ದವು. ಅವರು ಬರೆದ ಗ್ರಂಥಗಳು ಅಳಿದುಹೋದವು. ಉಳಿದಿರುವ ಸಾವಿರಾರು ಶಾಸನಗಳಲ್ಲಿ ಹೆಚ್ಚಿನವು ಸತ್ತವರ ಹೆಸರು, ವಂಶ ಮತ್ತು ವಯಸ್ಸನ್ನಷ್ಟೇ ಹೇಳುವ ಚುಟುಕು ಬರಹಗಳು. ಹೀಗಾಗಿ ಎಟ್ರುಸ್ಕನ್ನರ ಬದುಕನ್ನು ತಿಳಿಯಬೇಕೆನ್ನುವವರು ಅವರ ಸಾವಿನ ಬಾಗಿಲಿನಿಂದಲೇ ಒಳಹೋಗಬೇಕಾಗುತ್ತದೆ. ಆ ಬಾಗಿಲುಗಳು ಒಂದೆರಡಲ್ಲ, ಸಾವಿರಾರು ಇವೆ. ರೋಮ್ ಅಥವಾ ಫ್ಲಾರೆನ್ಸ್ ಪ್ರವಾಸದ ನಡುವೆ ಒಂದೋ ಎರಡೋ ದಿನ ಬಿಡುವು ಮಾಡಿಕೊಳ್ಳುವ ಓದುಗರಿಗೆ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಎದುರಾಗುವುದು ಸಹಜ.

ಪ್ರವಾಸಿ ಕೈಪಿಡಿಗಳು ಈ ಪ್ರಶ್ನೆಗೆ ದೂರವನ್ನೋ ಪ್ರಸಿದ್ಧಿಯನ್ನೋ ಮುಂದಿಟ್ಟು ಉತ್ತರಿಸುತ್ತವೆ. ಅದು ಸಾಲದು. ಎಟ್ರುಸ್ಕನ್ ಗೋರಿಗಳನ್ನು ನೋಡಲು ಹೋಗುವವರು ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಇಂದು ಆ ಗೋರಿಗಳಲ್ಲಿ ಬಹುತೇಕ ಎಲ್ಲವೂ ಬರಿದಾಗಿವೆ. ಸತ್ತವರ ಜೊತೆಗಿಟ್ಟ ಚಿನ್ನ, ಕಂಚು, ಮಡಕೆ, ಆಯುಧಗಳಲ್ಲಿ ಬಹುಪಾಲು ಪ್ರಾಚೀನ ಕಾಲದಲ್ಲಿಯೇ ಕಳುವಾದವು. ಉಳಿದವು 19ನೇ ಮತ್ತು 20ನೇ ಶತಮಾನಗಳಲ್ಲಿ ಮ್ಯೂಸಿಯಂಗಳಿಗೂ ಖಾಸಗಿ ಸಂಗ್ರಹಗಳಿಗೂ ಹೋದವು. ಕೋಣೆ ಒಂದೂರಿನಲ್ಲಿ, ಅದರೊಳಗಿನ ಪೆಟ್ಟಿಗೆ ಇನ್ನೊಂದೂರಿನಲ್ಲಿ, ಅಲ್ಲಿಟ್ಟಿದ್ದ ಹೂಜಿ ಮೂರನೆಯ ಊರಿನಲ್ಲಿ ಎನ್ನುವ ಸ್ಥಿತಿ ಇದೆ. ಆದುದರಿಂದ ಆಯ್ಕೆ ಮಾಡಬೇಕಾದದ್ದು ಒಂದು ಸ್ಥಳವನ್ನಲ್ಲ, ಒಂದು ಜೋಡಿಯನ್ನು: ಒಂದು ಗೋರಿಪ್ರದೇಶ ಮತ್ತು ಅದನ್ನು ತುಂಬಿಕೊಡುವ ಒಂದು ಮ್ಯೂಸಿಯಂ. ಈ ಬರಹದಲ್ಲಿ ಮಾಡಿರುವ ಹೋಲಿಕೆಗಳೆಲ್ಲವೂ ಆ ನೋಟದಿಂದಲೇ ಹೊರಟಿವೆ.

ಆರಿಸುವ ಮೊದಲು ತಿಳಿದಿರಬೇಕಾದದ್ದು

ಎಟ್ರುಸ್ಕನ್ನರು ಸತ್ತವರನ್ನು ಸುಡುತ್ತಿದ್ದರೇ, ಹೂಳುತ್ತಿದ್ದರೇ ಎಂದು ಕೇಳಿದರೆ, ಎರಡನ್ನೂ ಮಾಡುತ್ತಿದ್ದರು ಎಂಬುದೇ ಉತ್ತರ. ವಿಲ್ಲನೋವನ್ ಎಂದು ಕರೆಯುವ ಆದಿಕಾಲದಲ್ಲಿ, ಅಂದರೆ ಕ್ರಿ.ಪೂ. 9 ಮತ್ತು 8ನೇ ಶತಮಾನಗಳಲ್ಲಿ, ದಹನವೇ ಹೆಚ್ಚಾಗಿತ್ತು. ಬೂದಿಯನ್ನೂ ಸುಟ್ಟ ಎಲುಬುಗಳನ್ನೂ ಎರಡು ಶಂಕುಗಳನ್ನು ಬುಡಕ್ಕೆ ಬುಡ ಕೂಡಿಸಿದಂತಹ ಆಕಾರದ ಮಡಕೆಯಲ್ಲಿ ತುಂಬಿ, ನೆಲದಲ್ಲಿ ತೋಡಿದ ಸಣ್ಣ ಗುಂಡಿಯಲ್ಲಿ ಇಡುತ್ತಿದ್ದರು. ಯೋಧನಾಗಿದ್ದವನ ಮಡಕೆಗೆ ಶಿರಸ್ತ್ರಾಣವನ್ನೇ ಮುಚ್ಚಳವಾಗಿಸುವುದಿತ್ತು. ಕೆಲವೆಡೆ ಮಡಕೆಯ ಬದಲಿಗೆ ಗುಡಿಸಲಿನ ಆಕಾರದ ಕರಂಡಿಕೆಯನ್ನು ಬಳಸುತ್ತಿದ್ದರು. ಮುಂದೆ ಕ್ರಿ.ಪೂ. 7ನೇ ಶತಮಾನದ ಹೊತ್ತಿಗೆ ಎಲ್ಬಾ ದ್ವೀಪದ ಕಬ್ಬಿಣ, ತೋಲ್ಫ ಬೆಟ್ಟಗಳ ಲೋಹ ಮತ್ತು ಕಡಲ ವ್ಯಾಪಾರದಿಂದ ಸಿರಿವಂತರಾದ ಮನೆತನಗಳು ಬಂಡೆಯಲ್ಲಿ ಕೋಣೆಗಳನ್ನು ಕೊರೆಸಿ, ತಲೆಮಾರುಗಳ ಕಾಲ ತಮ್ಮವರನ್ನೆಲ್ಲ ಅಲ್ಲಿಯೇ ಮಲಗಿಸತೊಡಗಿದವು. ದಕ್ಷಿಣದ ಕಡಲತೀರದ ನಗರಗಳಲ್ಲಿ ಹೂಳುವುದು ರೂಢಿಯಾಯಿತು. ಒಳನಾಡಿನ ಉತ್ತರದ ನಗರಗಳಾದ ಕ್ಯೂಸಿ, ಪೆರೂಜ ಮತ್ತು ವೊಲ್ತೆರ್ರಗಳಲ್ಲಿ ಮಾತ್ರ ದಹನವೇ ಕೊನೆಯವರೆಗೂ ಪ್ರಬಲವಾಗಿ ಉಳಿಯಿತು.

ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಇನ್ನೊಂದು ಬದಲಾವಣೆಯಿದೆ. ಕ್ರಿ.ಪೂ. 6ನೇ ಮತ್ತು 5ನೇ ಶತಮಾನಗಳ ಗೋರಿಚಿತ್ರಗಳಲ್ಲಿ ಊಟ, ಕೊಳಲು, ಕುಣಿತ, ಆಟ, ಬೇಟೆ ತುಂಬಿವೆ. ಕ್ರಿ.ಪೂ. 5ನೇ ಶತಮಾನದ ಕೊನೆಯಿಂದ ಮುಂದೆ ಪಾತಾಳದ ದಾರಿ, ಸುತ್ತಿಗೆ ಹಿಡಿದ ಖಾರುನ್ ಎಂಬ ಪಾತಾಳದ ಭೂತ, ರೆಕ್ಕೆ ಬಿಚ್ಚಿ ಪಂಜು ಹಿಡಿದು ನಿಂತ ವಾಂಥ್ ಎಂಬ ಪಾತಾಳದ ದೇವತೆ ಕಾಣಿಸಿಕೊಳ್ಳುತ್ತಾರೆ. ರೋಮ್ ಒಂದೊಂದೇ ನಗರವನ್ನು ನುಂಗುತ್ತಿದ್ದ ಕಾಲದ ಅಳುಕೇ ಇದಕ್ಕೆ ಕಾರಣವೆಂದು ಕೆಲವು ವಿದ್ವಾಂಸರು ಹೇಳಿದರೆ, ಗ್ರೀಕರಿಂದ ಬಂದ ಪರಲೋಕದ ಕಲ್ಪನೆಗಳು ಇಲ್ಲಿ ಹೊಸ ರೂಪ ಪಡೆದವೆಂದು ಇನ್ನು ಕೆಲವರು ಹೇಳುತ್ತಾರೆ. ಅಳುಕಿನ ವಾದವನ್ನು ಅತಿಯಾಗಿ ನಂಬಬಾರದೆಂಬುದು ನನ್ನ ಅನಿಸಿಕೆ. ವಾಂಥ್ ಸತ್ತವರನ್ನು ಹೆದರಿಸುವವಳಲ್ಲ, ದಾರಿ ತೋರಿಸುವವಳು.

ಚೆರ್ವೆತೆರಿ: ಮನೆಯನ್ನು ನೋಡಬೇಕೆನ್ನುವವರಿಗೆ

ರೋಮಿನಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿರುವ ಚೆರ್ವೆತೆರಿ ಪ್ರಾಚೀನರಿಗೆ ಕೈರೆ ಎಂದು ಪರಿಚಿತವಾಗಿದ್ದ ಸಿರಿನಗರ. ಊರಿನಿಂದ ಎರಡು ಕಿಲೋಮೀಟರ್ ಆಚೆಗೆ ಬಂಡಿತಾಚ್ಚ ಎಂಬ ಗೋರಿಪ್ರದೇಶವಿದೆ. ಇಲ್ಲಿನ ನೆಲ ಟ್ಯೂಫಾ ಕಲ್ಲಿನದು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಈ ಕಲ್ಲನ್ನು ಕಬ್ಬಿಣದ ಉಳಿಯಿಂದ ಸುಲಭವಾಗಿ ಕೊರೆಯಬಹುದು, ಗಾಳಿಗೆ ತೆರೆದುಕೊಂಡ ಮೇಲೆ ಅದು ಗಡುಸಾಗುತ್ತದೆ. ಸಾವಿರಾರು ಗೋರಿಗಳು ಬೀದಿ, ಓಣಿ, ಸಣ್ಣ ಚೌಕಗಳ ವಿನ್ಯಾಸದಲ್ಲಿ ಹಬ್ಬಿವೆ. ತಾರ್ಕ್ವೀನಿಯದೊಂದಿಗೆ ಜಂಟಿಯಾಗಿ ಇದನ್ನು ಯುನೆಸ್ಕೊ 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಬಂಡಿತಾಚ್ಚದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹುಲ್ಲು ಬೆಳೆದ ದುಂಡನೆಯ ದಿಬ್ಬಗಳು. ಬುಡದ ಸುತ್ತ ಬಂಡೆಯನ್ನೇ ಕಡೆದು ಮಾಡಿದ ಕಟ್ಟೆ, ಅದರ ಮೇಲೆ ಮಣ್ಣಿನ ಗುಪ್ಪೆ, ಒಳಕ್ಕೆ ಇಳಿಯುವ ಇಕ್ಕಟ್ಟಾದ ದಾರಿ, ಕೊನೆಗೆ ಕೋಣೆಗಳು. ಒಂದು ಮನೆತನದ ಚರಿತ್ರೆಯನ್ನು ಓದಬೇಕೆಂದರೆ ಎರಡನೆಯ ದಿಬ್ಬವೆಂದು ಗುರುತಿಸಿರುವ ದೊಡ್ಡ ದಿಬ್ಬದ ಸುತ್ತ ಒಂದು ಸುತ್ತು ಬರಬೇಕು. ಅದರಡಿಯಲ್ಲಿ ಬೇರೆ ಬೇರೆ ಕಾಲದ ನಾಲ್ಕು ಗೋರಿಗಳಿವೆ. ಅವುಗಳಲ್ಲಿ ಹಳೆಯದಾದ ಗುಡಿಸಲ ಗೋರಿಯ ಚಾವಣಿಯನ್ನು ಹುಲ್ಲುಮಾಡಿನಂತೆ ಎರಡೂ ಕಡೆ ಇಳಿಜಾರಾಗಿ ಕಡೆದಿದ್ದಾರೆ, ಅದು ಕ್ರಿ.ಪೂ. 7ನೇ ಶತಮಾನದ ಮೊದಲ ಭಾಗದ್ದು. ಅದೇ ದಿಬ್ಬದ ಗ್ರೀಕ್ ಹೂಜಿಗಳ ಗೋರಿಗೆ ಬರುವ ಹೊತ್ತಿಗೆ ಕ್ರಿ.ಪೂ. 6ನೇ ಶತಮಾನ ಬಂದಿರುತ್ತದೆ. ಹಜಾರವೂ ಅದರ ಹಿಂದೆ ಕೋಣೆಗಳೂ ಉಳ್ಳ ಪೂರ್ತಿ ಮನೆಯೇ ಬಂಡೆಯೊಳಗೆ ಸಿದ್ಧವಾಗಿರುತ್ತದೆ. ಗುಡಿಸಲಿನಿಂದ ಮಾಳಿಗೆಮನೆಯವರೆಗಿನ ನೂರಕ್ಕೂ ಹೆಚ್ಚು ವರ್ಷಗಳನ್ನು ಒಂದೇ ದಿಬ್ಬದ ಕೆಳಗೆ ನಡೆದು ನೋಡುವ ಅವಕಾಶ ನನಗೆ ತಿಳಿದಂತೆ ಬೇರೆ ಯಾವ ಎಟ್ರುಸ್ಕನ್ ಸ್ಥಳದಲ್ಲಿಯೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಶವವನ್ನು ಮಲಗಿಸುತ್ತಿದ್ದ ಕಲ್ಲಿನ ಮಂಚಗಳನ್ನು ಗಮನವಿಟ್ಟು ನೋಡಬೇಕು. ಕಡೆದ ಕಾಲುಗಳಿರುವ ಮಂಚ ಗಂಡಸಿನದು. ತಲೆಯ ಮತ್ತು ಕಾಲಿನ ಕಡೆ ತ್ರಿಕೋನಾಕಾರದ ಹಲಗೆಯಿದ್ದು ಮನೆಯ ಮಾಡನ್ನು ನೆನಪಿಸುವ ಪೆಟ್ಟಿಗೆಯಂತಹ ಮಂಚ ಹೆಂಗಸಿನದು. ಗೋರಿಯ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದ ಗುರುತಿನ ಕಲ್ಲುಗಳಲ್ಲಿಯೂ ಇದೇ ಭೇದವಿದೆ: ಗಂಡಸರಿಗೆ ಸಣ್ಣ ಕಂಬ, ಹೆಂಗಸರಿಗೆ ಪುಟ್ಟ ಮನೆ.

ಬಂಡಿತಾಚ್ಚದ ಒಂದೇ ಒಂದು ಗೋರಿಯನ್ನು ನೋಡಲು ಸಮಯವಿದೆ ಎನ್ನುವವರು ಉಬ್ಬುಶಿಲ್ಪಗಳ ಗೋರಿಯನ್ನೇ ನೋಡಬೇಕು. ಕ್ರಿ.ಪೂ. 4ನೇ ಶತಮಾನದಲ್ಲಿ ಮತುನ ಎಂಬ ಮನೆತನ ಇದನ್ನು ಮಾಡಿಸಿತು. ಕಡಿದಾದ ಮೆಟ್ಟಿಲುಗಳನ್ನು ಇಳಿದರೆ ಒಂದೇ ದೊಡ್ಡ ಕೋಣೆ. ನಡುವೆ ಎರಡು ಕಂಬಗಳು. ಗೋಡೆಯುದ್ದಕ್ಕೂ ಕೆಂಪು ದಿಂಬುಗಳನ್ನಿಟ್ಟಂತೆ ಗಾರೆಯಲ್ಲಿ ಮಾಡಿದ ಮಲಗುಗೂಡುಗಳು. ಆ ಕಂಬಗಳ ಮೇಲೆಯೂ ಗೋಡೆಗಳ ಮೇಲೆಯೂ ಮನೆಯ ಸಾಮಾನುಗಳೆಲ್ಲ ಮೊಳೆಗೆ ತೂಗುಹಾಕಿದ ಹಾಗೆ ಗಾರೆಯಲ್ಲಿ ಉಬ್ಬಿ ನಿಂತಿವೆ, ಬಣ್ಣವೂ ಉಳಿದಿದೆ: ಸುತ್ತಿಟ್ಟ ಹಗ್ಗ, ಕೊಡಲಿ, ಚೂರಿಗಳು, ಸೌಟು, ಹೂಜಿ, ಆಟದ ಹಲಗೆ, ಶಿರಸ್ತ್ರಾಣ, ಗುರಾಣಿ. ಬಾತುಕೋಳಿಯೂ ನಾಯಿಯೂ ಇವೆ. ಎದುರು ಗೋಡೆಯ ನಡುಗೂಡು ಮನೆಯ ಹಿರಿಯ ದಂಪತಿಯದು. ಅದರ ಬಳಿ ಒಂದು ಬೀಸಣಿಗೆ ತೂಗುತ್ತಿದೆ. ಪಕ್ಕದಲ್ಲಿ ಪೆಟ್ಟಿಗೆ, ಅದರ ಮೇಲೆ ಮಡಿಸಿಟ್ಟ ನಾರುಬಟ್ಟೆಯ ಪುಸ್ತಕ. ಕೆಳಗಿನ ಕಾಲ್ಮಣೆಯ ಮೇಲೆ ಈಗಷ್ಟೇ ಕಳಚಿಟ್ಟಂತಹ ಒಂದು ಜೊತೆ ಚಪ್ಪಲಿ. ಇಷ್ಟೆಲ್ಲ ಮನೆತನದ ಆಪ್ತ ವಿವರಗಳ ಕೆಳಗೆಯೇ ಹಾವಿನ ಕಾಲುಗಳ ದೈತ್ಯನೂ ಪಾತಾಳದ ಮೂರು ತಲೆಯ ನಾಯಿಯೂ ಕಾವಲಿಗೆ ನಿಂತಿವೆ. ಸಾವು ಎಂದರೆ ಮನೆ ಬಿಡುವುದಲ್ಲ, ಮನೆಯನ್ನೇ ಜೊತೆಗೆ ಒಯ್ಯುವುದು ಎಂದು ಅವರು ನಂಬಿದ್ದರೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಗೋರಿಯೊಳಗೆ ಕಾಲಿಡಲು ಬಿಡುವುದಿಲ್ಲ. ಗಾಜಿನ ಆಚೆಯಿಂದಲೇ ನೋಡಬೇಕು.

ಕ್ರಿ.ಪೂ. 6ನೇ ಶತಮಾನದ ಮಧ್ಯದಿಂದ ದಿಬ್ಬಗಳ ಬದಲಿಗೆ ಬೀದಿಯ ಎರಡೂ ಬದಿಗೆ ಒಂದೇ ಅಳತೆಯ, ಚಪ್ಪಟೆ ಮೇಲ್ಭಾಗದ ಗೋರಿಗಳ ಸಾಲುಗಳು ಬಂದವು. ಕೆಲವೇ ಮನೆತನಗಳ ಮೆರೆದಾಟ ಕುಗ್ಗಿ, ಸಮಾನ ಸ್ಥಾನದ ಅನೇಕ ಕುಟುಂಬಗಳು ನಗರದಲ್ಲಿ ತಲೆಯೆತ್ತಿದ್ದನ್ನು ಇದು ಸೂಚಿಸುತ್ತದೆ.

ಚೆರ್ವೆತೆರಿಯ ಜೋಡಿ ಯಾವುದು? ಮೊದಲ ಉತ್ತರ ರೋಮಿನ ವಿಲ್ಲಾ ಜೂಲಿಯಾ ಎಂಬ ಎಟ್ರುಸ್ಕನ್ ಮ್ಯೂಸಿಯಂ. ಇಲ್ಲಿನ ಗೋರಿಯೊಂದರಿಂದ 1881ರಲ್ಲಿ ನೂರಾರು ಚೂರುಗಳಾಗಿ ದೊರೆತು ಮತ್ತೆ ಜೋಡಿಸಲ್ಪಟ್ಟ ದಂಪತಿಯ ಮಣ್ಣಿನ ಶವಪೆಟ್ಟಿಗೆ ಅಲ್ಲಿದೆ. ಕ್ರಿ.ಪೂ. 6ನೇ ಶತಮಾನದ ಕೊನೆಯ ಭಾಗದ ಈ ಕೃತಿಯಲ್ಲಿ ಗಂಡ ಹೆಂಡತಿ ಒಂದೇ ಮಂಚದ ಮೇಲೆ ಒರಗಿ ಔತಣಕ್ಕೆ ಕುಳಿತಿದ್ದಾರೆ. ಅವನ ತೋಳು ಅವಳ ಹೆಗಲ ಮೇಲಿದೆ. ಇಬ್ಬರ ಕೈಬೆರಳುಗಳೂ ಏನನ್ನೋ ಹಿಡಿದಂತೆ, ಕೊಡುವಂತೆ ಮಡಿಚಿವೆ. ಗ್ರೀಕರ ಔತಣಗಳಲ್ಲಿ ಮನೆಯ ಹೆಂಗಸಿಗೆ ಜಾಗವಿರಲಿಲ್ಲ. ಎಟ್ರುಸ್ಕನ್ ಹೆಂಗಸರು ಗಂಡಸರ ಸಮಕ್ಕೆ ಒರಗಿ ಊಟ ಮಾಡುತ್ತಿದ್ದುದನ್ನು ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಇತಿಹಾಸಕಾರ ಥಿಯೊಪೊಂಪಸ್ ನಡತೆಗೇಡಿತನವೆಂದು ಚಿತ್ರಿಸಿದ. ಈ ಶವಪೆಟ್ಟಿಗೆಯ ಮುಂದೆ ನಿಂತವರು ಅವನ ಮಾತನ್ನು ಒಪ್ಪಲಾರರು.

ಎರಡನೆಯ ಜೋಡಿ ವ್ಯಾಟಿಕನ್ನಿನ ಗ್ರೆಗೋರಿಯನ್ ಎಟ್ರುಸ್ಕನ್ ಮ್ಯೂಸಿಯಂ. ಚೆರ್ವೆತೆರಿಯ ಸೋರ್ಬೊ ಎಂಬಲ್ಲಿ 1836ರಲ್ಲಿ ಪಾದ್ರಿ ರೆಗೊಲೀನಿ ಮತ್ತು ಸೇನಾಧಿಕಾರಿ ಗಲಾಸ್ಸಿ ತೆರೆದ ಗೋರಿ, ಕ್ರಿ.ಪೂ. 7ನೇ ಶತಮಾನದಿಂದ ಕಳ್ಳರ ಕೈಗೆ ಸಿಗದೆ ಉಳಿದಿತ್ತು. ಅದರಲ್ಲಿ ದೊರೆತ ಕಂಚಿನ ಮಂಚ, ರಥದ ಭಾಗಗಳು, ಚಿನ್ನದ ಎದೆಪಟ್ಟಿ, ಸಿಂಹಗಳನ್ನೂ ಬಾತುಗಳನ್ನೂ ಕೂರಿಸಿದ ಅಂಗೈ ಮೀರಿದ ಚಿನ್ನದ ದೊಡ್ಡ ಪಿನ್ನು ಅಲ್ಲಿವೆ. ಚಿನ್ನವೆಲ್ಲ ಒಬ್ಬ ಹೆಣ್ಣುಮಗಳ ಮೈಮೇಲಿದ್ದದ್ದು. ಅದೇ ಗೋರಿಯ ಪಕ್ಕದ ಗೂಡಿನಲ್ಲಿ ಸುಟ್ಟ ಎಲುಬುಗಳ ಕರಂಡಿಕೆಯೂ ಇತ್ತು. ಹೂಳುವುದೂ ಸುಡುವುದೂ ಒಂದೇ ಮನೆತನದಲ್ಲಿ ಒಟ್ಟಿಗೆ ನಡೆದಿತ್ತೆಂದಾಯಿತು.

ತಾರ್ಕ್ವೀನಿಯ: ಸತ್ತವರಿಗಾಗಿ ನಡೆದ ಔತಣವನ್ನು ನೋಡಬೇಕೆನ್ನುವವರಿಗೆ

ರೋಮಿನಿಂದ ಸುಮಾರು 90 ಕಿಲೋಮೀಟರ್ ದೂರದ ತಾರ್ಕ್ವೀನಿಯದ ಮೊಂತೆರೊಟ್ಸಿ ದಿಣ್ಣೆಯಲ್ಲಿ ಬಂಡೆಯಲ್ಲಿ ಕೊರೆದ ಸುಮಾರು 6,000 ಗೋರಿಗಳಿವೆ. ಅವುಗಳಲ್ಲಿ ಸುಮಾರು 200ರಲ್ಲಿ ಚಿತ್ರಗಳಿವೆ. ಚೆರ್ವೆತೆರಿಯಂತೆ ಇಲ್ಲಿ ನೆಲದ ಮೇಲೆ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಹುಲ್ಲುಗಾವಲಿನ ನಡುವೆ ಅಲ್ಲಲ್ಲಿ ಸಣ್ಣ ಕಾವಲುಮನೆಗಳಂತಹ ಆಧುನಿಕ ಕಟ್ಟಡಗಳಿವೆ; ಒಂದೊಂದರೊಳಗೂ ಆಳಕ್ಕೆ ಇಳಿಯುವ ಮೆಟ್ಟಿಲುಗಳು, ಕೊನೆಯಲ್ಲಿ ಗಾಜಿನ ಬಾಗಿಲು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ. ನೋಡುಗರ ಉಸಿರಿನ ತೇವ ಮತ್ತು ಬಿಸಿ ತಾಗಿದರೆ, ತೆಳುವಾದ ಗಾರೆಯ ಮೇಲಿನ ಬಣ್ಣ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿಯೇ ಈ ಗಾಜು. ಸಂರಕ್ಷಣೆಯ ಕೆಲಸಕ್ಕೆ ಅನುಗುಣವಾಗಿ ತೆರೆದಿರುವ ಗೋರಿಗಳ ಪಟ್ಟಿ ಬದಲಾಗುತ್ತಿರುತ್ತದೆಯಾದ್ದರಿಂದ ಒಂದೇ ಗೋರಿಯನ್ನು ನೆಚ್ಚಿಕೊಂಡು ಹೋಗಬಾರದು.

ಇಲ್ಲಿ ಚೆರ್ವೆತೆರಿಯಲ್ಲಿ ಸಿಗದ ಉತ್ತರ ಸಿಗುತ್ತದೆ: ಶವಸಂಸ್ಕಾರದ ದಿನ ಏನು ನಡೆಯುತ್ತಿತ್ತು? ಕ್ರಿ.ಪೂ. 6ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಶಕುನಿಗರ ಗೋರಿಯ ಹಿಂಗೋಡೆಯ ನಡುವೆ ಮುಚ್ಚಿದ ಬಾಗಿಲೊಂದನ್ನು ಬರೆದಿದ್ದಾರೆ. ಅದರ ಎರಡೂ ಬದಿಗೆ ಒಬ್ಬೊಬ್ಬ ಗಂಡಸು ನಿಂತು, ಒಂದು ಕೈಯನ್ನು ಹಣೆಗೆ ಒತ್ತಿ, ಇನ್ನೊಂದನ್ನು ಬಾಗಿಲ ಕಡೆಗೆ ಚಾಚಿದ್ದಾನೆ. ಇದು ಶೋಕದ, ಬೀಳ್ಕೊಡುಗೆಯ ಭಂಗಿ. ಪಕ್ಕದ ಗೋಡೆಯಲ್ಲಿ ಇಬ್ಬರು ಕುಸ್ತಿಪಟುಗಳು ಸೆಣಸುತ್ತಿದ್ದಾರೆ, ಅವರ ನಡುವೆ ಬಹುಮಾನದ ಲೋಹದ ಬೋಗುಣಿಗಳನ್ನು ಒಂದರ ಮೇಲೊಂದು ಪೇರಿಸಿದೆ. ಆಚೆಗೆ ಮುಖವಾಡ ಧರಿಸಿದ, ಫೆರ್ಸು ಎಂದು ಬರೆದು ಗುರುತಿಸಿದ ವ್ಯಕ್ತಿಯೊಬ್ಬ, ತಲೆಗೆ ಚೀಲ ಕಟ್ಟಿಸಿಕೊಂಡ ಇನ್ನೊಬ್ಬನ ಮೇಲೆ ನಾಯಿಯನ್ನು ಛೂಬಿಟ್ಟಿದ್ದಾನೆ, ರಕ್ತ ಸುರಿಯುತ್ತಿದೆ. ರೋಮಿನ ಗ್ಲಾಡಿಯೇಟರ್ ಕಾಳಗದ ಮೂಲ ಇಲ್ಲಿದೆ ಎಂಬ ವಾದವನ್ನು ಎಲ್ಲರೂ ಒಪ್ಪಿಲ್ಲವಾದರೂ, ಸತ್ತವನ ಗೌರವಾರ್ಥ ಆಟಗಳನ್ನು ನಡೆಸುತ್ತಿದ್ದುದಕ್ಕೂ ಅವುಗಳಲ್ಲಿ ನೆತ್ತರು ಹರಿಯುತ್ತಿದ್ದುದಕ್ಕೂ ಈ ಗೋಡೆ ಸಾಕ್ಷಿಯಾಗಿದೆ.

ಚಿರತೆಗಳ ಗೋರಿ ಕ್ರಿ.ಪೂ. 480ರಿಂದ 470ರ ಸುಮಾರಿನದು. ಹಿಂಗೋಡೆಯ ಮೇಲ್ತುದಿಯ ತ್ರಿಕೋನದಲ್ಲಿ ಎರಡು ಚುಕ್ಕೆಚಿರತೆಗಳು ಎದುರುಬದುರಾಗಿ ಬಾಯಿ ತೆರೆದಿವೆ. ಅವುಗಳ ಕೆಳಗೆ ಮೂರು ಮಂಚಗಳ ಮೇಲೆ ಔತಣದ ಅತಿಥಿಗಳು ಒರಗಿದ್ದಾರೆ. ಗಂಡಸರ ಮೈಗೆ ಕೆಂಗಂದು, ಹೆಂಗಸರ ಮೈಗೆ ತಿಳಿಬಣ್ಣ. ಬಲಗಡೆಯ ಮಂಚದವನು ಒಂದು ಮೊಟ್ಟೆಯನ್ನು ಬೆರಳುಗಳಲ್ಲಿ ಎತ್ತಿ ಹಿಡಿದಿದ್ದಾನೆ. ಮೊಟ್ಟೆ ಮರುಹುಟ್ಟಿನ ಸಂಕೇತವೆಂದು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಎಟ್ರುಸ್ಕನ್ ಗೋರಿಗಳಲ್ಲಿ ನಿಜವಾದ ಮೊಟ್ಟೆಯ ಚಿಪ್ಪುಗಳೂ ದೊರೆತಿರುವುದರಿಂದ ಆ ಅರ್ಥಕ್ಕೆ ಬಲವಿದೆ. ಬಲಗೋಡೆಯಲ್ಲಿ ಜೋಡಿಕೊಳಲು ಊದುವವನೂ ತಂತಿವಾದ್ಯ ನುಡಿಸುವವನೂ ಗಿಡಗಳ ನಡುವೆ ಹೆಜ್ಜೆ ಹಾಕುತ್ತಿದ್ದಾರೆ. ಬೇಟೆ ಮತ್ತು ಮೀನುಗಾರಿಕೆಯ ಗೋರಿಯ ಒಳಕೋಣೆಯಲ್ಲಿ ಔತಣದ ಕೆಳಗಡೆ ಕಡಲನ್ನೇ ಬರೆದಿದ್ದಾರೆ: ದೋಣಿಯಿಂದ ಗಾಳ ಬಿಡುವವರು, ಹಕ್ಕಿಗಳತ್ತ ಕವಣೆ ಬೀಸುವವನು, ಬಂಡೆಯಿಂದ ನೀರಿಗೆ ತಲೆಕೆಳಗಾಗಿ ಜಿಗಿಯುವ ಹುಡುಗ. ಅದು ಬರಿಯ ಆಟವೋ, ಇಹದಿಂದ ಪರಕ್ಕೆ ಜಿಗಿತವೋ ಎಂಬ ಚರ್ಚೆ ಮುಗಿದಿಲ್ಲ. 1985ರಲ್ಲಿ ಪತ್ತೆಯಾದ ನೀಲಿ ಭೂತಗಳ ಗೋರಿಯಲ್ಲಿ ಎರಡು ಯುಗಗಳೂ ಒಂದೇ ಕೋಣೆಯಲ್ಲಿ ಸೇರಿವೆ: ಒಂದು ಗೋಡೆಯಲ್ಲಿ ರಥದ ಮೆರವಣಿಗೆ, ಹಿಂಗೋಡೆಯಲ್ಲಿ ಔತಣ, ಬಲಗೋಡೆಯಲ್ಲಿ ಹಾವು ಹಿಡಿದ ನೀಲಿ ಮೈಯ ಭೂತ, ಪಾತಾಳದ ಅಂಬಿಗ, ಹೊಸದಾಗಿ ಬಂದವಳನ್ನು ಎದುರುಗೊಳ್ಳಲು ನಿಂತ ಒಬ್ಬ ಹೆಂಗಸು ಮತ್ತು ಒಂದು ಮಗು. ಮೊದಲೇ ತೀರಿಹೋದ ತನ್ನವರು ಅಲ್ಲಿ ಕಾಯುತ್ತಿರುತ್ತಾರೆಂಬ ನಂಬಿಕೆಯನ್ನು ಇದಕ್ಕಿಂತ ಮನಮುಟ್ಟುವಂತೆ ಹೇಳಿದ ಗೋಡೆಯನ್ನು ನಾನು ಕಾಣೆ.

ತಾರ್ಕ್ವೀನಿಯದ ದೊಡ್ಡ ಅನುಕೂಲವೆಂದರೆ ಅದರ ಜೋಡಿ ಊರಿನಲ್ಲಿಯೇ ಇದೆ. ವಿತೆಲ್ಲೆಸ್ಕಿ ಅರಮನೆಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ, ಗೋಡೆಯಿಂದ ಬಿಡಿಸಿ ತಂದ ಕೆಲವು ಗೋರಿಗಳ ಚಿತ್ರಗಳನ್ನು ಅದೇ ಅಳತೆಯ ಕೋಣೆಗಳಲ್ಲಿ ಮತ್ತೆ ಜೋಡಿಸಿ ಇಟ್ಟಿದ್ದಾರೆ. ಕ್ರಿ.ಪೂ. 470ರ ಸುಮಾರಿನ ತ್ರಿಕ್ಲೀನಿಯಂ ಗೋರಿಯ ಕುಣಿಯುವ ಹೆಂಗಸರ ಬಟ್ಟೆಯ ನೆರಿಗೆ ಹಾರುವ ಬಗೆಯನ್ನು ಗಾಜಿನ ಬಾಗಿಲಿಲ್ಲದೆ, ಆರಿಹೋಗುವ ದೀಪದ ಆತಂಕವಿಲ್ಲದೆ ನೋಡಬಹುದು. ಜೊತೆಗೆ ಮನೆತನದ ಹಿರಿಯರು ಮುಚ್ಚಳದ ಮೇಲೆ ಒರಗಿರುವ ಕಲ್ಲಿನ ಶವಪೆಟ್ಟಿಗೆಗಳ ಸಾಲಿದೆ. ಅವರಲ್ಲೊಬ್ಬನಾದ ಲಾರಿಸ್ ಪುಲೆನಾಸ್ ತನ್ನ ವಂಶಾವಳಿಯನ್ನೂ ಪದವಿಗಳನ್ನೂ ಬರೆದ ಸುರುಳಿಯನ್ನು ನೋಡುಗರ ಮುಂದೆ ಬಿಚ್ಚಿ ಹಿಡಿದಿದ್ದಾನೆ.

ಇವೆರಡರಲ್ಲಿ ಒಂದೇ ಎಂದಾದರೆ

ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ಚೆರ್ವೆತೆರಿ ಮೇಲು. ಬಯಲಿನಲ್ಲಿ ನಡೆಯಬಹುದು, ಹಲವು ಕೋಣೆಗಳೊಳಗೆ ಕಾಲಿಡಬಹುದು, ಮಂಚವನ್ನು ಹತ್ತಿರದಿಂದ ನೋಡಬಹುದು. ಆದರೆ ನೆಲ ಏರುತಗ್ಗಿನದು, ಮಳೆ ಬಂದ ಮರುದಿನ ಕೆಲವು ಗೋರಿಗಳಲ್ಲಿ ನೀರು ನಿಂತಿರುತ್ತದೆ, ಒಳಗೆ ಕತ್ತಲೆ; ಕೈದೀಪ ಮತ್ತು ಗಟ್ಟಿ ಬೂಟು ಬೇಕು. ಮಂಡಿನೋವಿನವರಿಗೆ ತಾರ್ಕ್ವೀನಿಯ ಕಷ್ಟ, ಪ್ರತಿ ಗೋರಿಗೂ ಮೆಟ್ಟಿಲು ಇಳಿದು ಹತ್ತಬೇಕು. ಅಂಥವರು ಮ್ಯೂಸಿಯಂನಲ್ಲಿರುವ ಗೋರಿಚಿತ್ರಗಳನ್ನು ನೋಡಿ, ದಿಣ್ಣೆಯಲ್ಲಿ ಎರಡೋ ಮೂರೋ ಗೋರಿಗಳನ್ನು ಆರಿಸಿಕೊಂಡರೆ ಸಾಕು. ಸಾರ್ವಜನಿಕ ಸಾರಿಗೆಯಲ್ಲಿ ಹೋಗುವವರು ಒಂದೇ ದಿನದಲ್ಲಿ ಎರಡನ್ನೂ ಮುಗಿಸುವ ಯೋಚನೆಯನ್ನು ಬಿಡುವುದು ಒಳ್ಳೆಯದು. ನನ್ನನ್ನು ಕೇಳಿದರೆ, ಚಿತ್ರಕಲೆಯಲ್ಲಿ ವಿಶೇಷ ಆಸಕ್ತಿ ಇಲ್ಲದವರಿಗೂ ಮೊದಲ ಭೇಟಿಗೆ ತಾರ್ಕ್ವೀನಿಯವನ್ನೇ ಸೂಚಿಸುವೆ, ಏಕೆಂದರೆ ಕೋಣೆ, ಚಿತ್ರ, ಶವಪೆಟ್ಟಿಗೆ ಮೂರೂ ನಡೆದು ಹೋಗುವಷ್ಟು ದೂರದಲ್ಲಿ ಒಂದೇ ಊರಿನಲ್ಲಿವೆ. ರೋಮಿನಲ್ಲಿ ಎರಡು ಮೂರು ದಿನ ಉಳಿದು ವಿಲ್ಲಾ ಜೂಲಿಯಾವನ್ನೂ ನೋಡುವವರಿಗೆ ಮಾತ್ರ ಚೆರ್ವೆತೆರಿ ಅದಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ.

ಓರ್ವಿಯೆತೊ: ಹೆಸರುಗಳ ಬೀದಿ

ರೋಮಿನಿಂದ ಫ್ಲಾರೆನ್ಸಿಗೆ ರೈಲಿನಲ್ಲಿ ಹೋಗುವವರಿಗೆ ದಾರಿಯಲ್ಲೇ ಸಿಗುವ ಓರ್ವಿಯೆತೊವಿನ ಬಂಡೆಯ ಬುಡದಲ್ಲಿ ಕ್ರೊಚಿಫಿಸ್ಸೊ ದೆಲ್ ತೂಫೊ ಎಂಬ ಗೋರಿಪ್ರದೇಶವಿದೆ. ಕ್ರಿ.ಪೂ. 6ನೇ ಶತಮಾನದ ಮಧ್ಯದಿಂದ ಟ್ಯೂಫಾ ಕಲ್ಲಿನ ದಿಮ್ಮಿಗಳಿಂದ ಕಟ್ಟಿದ, ಬಹುಪಾಲು ಒಂದೇ ಕೋಣೆಯ ಗೋರಿಗಳು ಚೌಕಟ್ಟಿನ ಬೀದಿಗಳಲ್ಲಿ ಒತ್ತೊತ್ತಾಗಿ ನಿಂತಿವೆ. ಇಲ್ಲಿ ಚಿನ್ನವೂ ಇಲ್ಲ, ಚಿತ್ರವೂ ಇಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ಬಲದಿಂದ ಎಡಕ್ಕೆ ಕೊರೆದ ಅಕ್ಷರಗಳಲ್ಲಿ ಗೋರಿಯೇ ಮಾತಾಡುತ್ತದೆ: ನಾನು ಇಂಥ ಮನೆತನದ ಇಂಥವನದು ಎಂದು. ಆ ಹೆಸರುಗಳಲ್ಲಿ ಎಟ್ರುಸ್ಕನ್ನರದಷ್ಟೇ ಅಲ್ಲ, ಇಟಲಿಯ ಇತರ ಜನಾಂಗಗಳದೂ ಒಂದು ಕೆಲ್ಟಿಕ್ ಮೂಲದ್ದೂ ಇವೆ. ಪರಸ್ಥಳದವರು ಇಲ್ಲಿನ ಪೌರರಾಗಿ, ಅಕ್ಕಪಕ್ಕದವರಷ್ಟೇ ದೊಡ್ಡ ಗೋರಿಯನ್ನು ಪಡೆದಿದ್ದರು. ಸಮಾಜದ ರಚನೆಯಲ್ಲಿ ಆಸಕ್ತಿಯಿರುವವರಿಗೆ ಇದು ಚೆರ್ವೆತೆರಿಗಿಂತ ಬೆಲೆಯುಳ್ಳ ಸ್ಥಳವೆಂದು ಭಾವಿಸುತ್ತೇನೆ.

ಇದರ ಜೋಡಿ ಊರಿನ ಮೇಲ್ಭಾಗದಲ್ಲಿ ದೊಡ್ಡ ಚರ್ಚಿನ ಪಕ್ಕದ ಪುರಾತತ್ವ ಮ್ಯೂಸಿಯಂ. 1863ರಲ್ಲಿ ಪತ್ತೆಯಾದ ಗೊಲೀನಿ ಗೋರಿಗಳ ಚಿತ್ರಗಳು ಅಲ್ಲಿವೆ. ಔತಣವನ್ನು ಎಲ್ಲರೂ ಬರೆದರು. ಔತಣದ ಅಡುಗೆಮನೆಯನ್ನು ಬರೆದವರು ಇಲ್ಲಿಯವರು. ಕೊಕ್ಕೆಗೆ ತೂಗುಹಾಕಿದ ಎತ್ತಿನ ಮಾಂಸ, ಕತ್ತರಿಸುವವನು, ಏನನ್ನೋ ಅರೆಯುವವನು, ಒಲೆಯ ಮುಂದೆ ನಿಂತವನು ಎಲ್ಲರೂ ಇದ್ದಾರೆ. ಹಲವರ ಪಕ್ಕದಲ್ಲಿ ಹೆಸರುಗಳನ್ನೂ ಬರೆದಿದೆ. ಈ ಸುತ್ತಿನ ಪ್ರದೇಶದಲ್ಲಿ ಇನ್ನೊಂದು ರೂಢಿಯೂ ಇತ್ತು: ಸತ್ತವಳ ಜೊತೆ ಇಡುವ ಕಂಚಿನ ಕನ್ನಡಿಯ ಹೊಳಪಿನ ಮುಖದ ಮೇಲೆಯೇ ಇದು ಗೋರಿಗೆ ಸೇರಿದ್ದೆಂದು ಅಕ್ಷರ ಕೊರೆದುಬಿಡುತ್ತಿದ್ದರು. ಬದುಕಿರುವವರು ಅದರಲ್ಲಿ ಮತ್ತೆ ಮುಖ ನೋಡಿಕೊಳ್ಳುವಂತಿರಲಿಲ್ಲ.

ದಹನದ ನಾಡು: ಕ್ಯೂಸಿ, ಪೆರೂಜ, ವೊಲ್ತೆರ್ರ

ಉತ್ತರದ ಈ ಮೂರು ನಗರಗಳನ್ನು ಒಂದು ಗುಂಪಾಗಿ ನೋಡಬೇಕು. ಕ್ಯೂಸಿಯಲ್ಲಿ ಕ್ರಿ.ಪೂ. 7ನೇ ಶತಮಾನದಲ್ಲಿ ಬೂದಿಯ ಮಡಕೆಗೆ ಮನುಷ್ಯನ ತಲೆಯ ಆಕಾರದ ಮುಚ್ಚಳ ಮಾಡಿ, ಕೆಲವಕ್ಕೆ ತೋಳುಗಳನ್ನೂ ಜೋಡಿಸಿ, ಮಣ್ಣಿನ ಅಥವಾ ಕಂಚಿನ ಕುರ್ಚಿಯ ಮೇಲೆ ಕೂರಿಸುವ ಪದ್ಧತಿ ಬೆಳೆಯಿತು. ಬೆಂಕಿ ಅಳಿಸಿದ ದೇಹವನ್ನು ಮಣ್ಣಿನಲ್ಲಿ ಮತ್ತೆ ಕಟ್ಟಿಕೊಡುವ ಈ ಹಂಬಲವನ್ನು ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಂದೇ ನೋಟಕ್ಕೆ ಕಾಣಬಹುದು. ಊರ ಹೊರಗಿನ ಕೋತಿಯ ಗೋರಿ ಕ್ರಿ.ಪೂ. 480ರಿಂದ 470ರ ಸುಮಾರಿನದು. ಅದರಲ್ಲಿ ಸತ್ತ ಹೆಂಗಸು ಕೊಡೆಯ ಕೆಳಗೆ ಕುಳಿತು ತನ್ನ ಗೌರವಾರ್ಥ ನಡೆಯುತ್ತಿರುವ ಆಟಗಳನ್ನು ತಾನೇ ನೋಡುತ್ತಿದ್ದಾಳೆ. ಕ್ಯೂಸಿಯ ಗೋರಿಗಳನ್ನು ಕಾವಲುಗಾರರ ಜೊತೆಯಲ್ಲಿ ಮಾತ್ರ ನೋಡಬೇಕಾಗುವುದರಿಂದ ಮ್ಯೂಸಿಯಂನಲ್ಲಿ ಮುಂಚಿತವಾಗಿ ವಿಚಾರಿಸಿಯೇ ಹೋಗಬೇಕು.

ಪೆರೂಜದ ಹೊರವಲಯದ ವೊಲುಮ್ನಿ ನೆಲಮಾಳಿಗೆ 1840ರಲ್ಲಿ ಪತ್ತೆಯಾಯಿತು. ಇಲ್ಲಿ ಮಾತ್ರ ನನ್ನ ಜೋಡಿಯ ನಿಯಮಕ್ಕೆ ವಿನಾಯಿತಿಯಿದೆ, ಏಕೆಂದರೆ ವೆಲಿಮ್ನ (ಲ್ಯಾಟಿನ್ನಿನಲ್ಲಿ ವೊಲುಮ್ನಿ) ಮನೆತನದ ಅಸ್ಥಿ ಕರಂಡಿಕೆಗಳು ಇಟ್ಟ ಕೋಣೆಯಲ್ಲಿಯೇ ಇವೆ. ಕಡಿದಾದ ಮೆಟ್ಟಿಲಿಳಿದು, ಹಜಾರವನ್ನು ದಾಟಿ ಒಳಕೋಣೆಗೆ ಬಂದರೆ ಆರ್ನ್ತ್ ವೆಲಿಮ್ನ ಎತ್ತರದ ಪೀಠದ ಮೇಲೆ ಒರಗಿದ್ದಾನೆ. ಕೆಳಗೆ ಪಾತಾಳದ ಬಾಗಿಲಿನ ಎರಡೂ ಬದಿಗೆ ರೆಕ್ಕೆಯ ವಾಂಥ್‌ಗಳು ಕುಳಿತಿದ್ದಾರೆ. ಪಕ್ಕದಲ್ಲಿ ಗುಡಿಯ ಆಕಾರದ ಅಮೃತಶಿಲೆಯ ಕರಂಡಿಕೆಯೊಂದಿದೆ. ಅದು ಅನೇಕ ತಲೆಮಾರುಗಳ ಆಮೇಲಿನದು. ಸತ್ತವನ ಹೆಸರು ಅದರಲ್ಲಿ ಲ್ಯಾಟಿನ್ನಿನಲ್ಲಿಯೂ ಎಟ್ರುಸ್ಕನ್ನಿನಲ್ಲಿಯೂ ಇದೆ. ಒಂದು ಜನಾಂಗ ರೋಮನ್ನರೊಳಗೆ ಕರಗಿಹೋದ ಗಳಿಗೆಯನ್ನು ಆ ಎರಡು ಬರಹಗಳಲ್ಲಿ ಕಾಣಬಹುದು.

ವೊಲ್ತೆರ್ರದ ಗ್ವಾರ್ನಾಚ್ಚಿ ಮ್ಯೂಸಿಯಂನಲ್ಲಿ 600ಕ್ಕೂ ಹೆಚ್ಚು ಕರಂಡಿಕೆಗಳಿವೆ, ಹಲವು ಅಲ್ಲಿನದೇ ಅಲಬಾಸ್ಟರ್ ಕಲ್ಲಿನವು. ಇಷ್ಟನ್ನು ಒಮ್ಮೆಲೇ ನೋಡಿದರೆ ದಣಿವಾಗುತ್ತದೆ. ಕೊನೆಗಾಲದ ಮಣ್ಣಿನ ಮುಚ್ಚಳವೊಂದರ ಮೇಲೆ ಸುಕ್ಕುಗಟ್ಟಿದ ಮುಖಗಳ ವೃದ್ಧ ದಂಪತಿ ಒಬ್ಬರನ್ನೊಬ್ಬರು ನೋಡುತ್ತಿರುವುದನ್ನು ಮಾತ್ರ ತಪ್ಪದೆ ನೋಡಬೇಕು. ವಿಲ್ಲಾ ಜೂಲಿಯಾದ ನಗುಮುಖದ ದಂಪತಿಯನ್ನು ನೋಡಿದವರಿಗೆ ಇವರ ಬಿಗುಮುಖ ಹೆಚ್ಚು ಅರ್ಥವಾಗುತ್ತದೆ.

ಉಳಿದವು

ಪೊಪುಲೋನಿಯ ಕಡಲ ದಂಡೆಯಲ್ಲಿದೆ. ಕಬ್ಬಿಣ ಕರಗಿಸಿದ ಕಿಟ್ಟದ ರಾಶಿಯಡಿಯಲ್ಲಿ ಹೂತುಹೋಗಿದ್ದ ಅದರ ದಿಬ್ಬಗಳು, ಆ ಕಿಟ್ಟವನ್ನು ಮತ್ತೆ ಕರಗಿಸಲೆಂದು 20ನೇ ಶತಮಾನದಲ್ಲಿ ಎತ್ತಿದಾಗ ಹೊರಬಂದವು. ಪ್ರಕೃತಿಯ ನಡುವೆ ನಡೆಯಬಯಸುವವರಿಗೆ ಒಳ್ಳೆಯ ಆಯ್ಕೆ. ಸೊವಾನ ಮತ್ತು ನೋರ್ಕಿಯಗಳಲ್ಲಿ ಕಣಿವೆಯ ಬಂಡೆಗೋಡೆಗಳಲ್ಲಿ ಕಡೆದ ಗುಡಿಮುಖದ ಗೋರಿಗಳಿವೆ. ಸ್ವಂತ ವಾಹನವಿಲ್ಲದವರಿಗೆ ಅವು ದಕ್ಕುವುದಿಲ್ಲ. ವುಲ್ಚಿಯ ಫ್ರಾಂಸ್ವಾ ಗೋರಿ 1857ರಲ್ಲಿ ತೆರೆದಾಗ ಟ್ರಾಯ್ ಸೆರೆಯಾಳುಗಳನ್ನು ಅಕಿಲೀಸ್ ಬಲಿ ಕೊಡುವ, ಖಾರುನ್ ಮತ್ತು ವಾಂಥ್ ನಿಂತು ನೋಡುವ ಅಪೂರ್ವ ಚಿತ್ರ ದೊರೆಯಿತು. ಆದರೆ ಚಿತ್ರಗಳನ್ನು 1863ರಲ್ಲಿ ಕತ್ತರಿಸಿ ಒಯ್ದು ಖಾಸಗಿ ಸಂಗ್ರಹಕ್ಕೆ ಸೇರಿಸಿದರು. ಆ ಚಿತ್ರಗಳಿಗಾಗಿ ವುಲ್ಚಿಗೆ ಹೋಗುವವರು ಬರಿಗೋಡೆಯನ್ನು ನೋಡಿ ಮರಳಬೇಕಾಗುತ್ತದೆ.

ಎಲ್ಲಿಗೆ ಹೋಗಬೇಕೆಂಬುದು ನಿಶ್ಚಯವಾದ ಮೇಲೆ ಉಳಿಯುವುದು ನೋಡುವ ಕ್ರಮ. ತಾರ್ಕ್ವೀನಿಯದಲ್ಲಿ ಮೊದಲು ಮ್ಯೂಸಿಯಂ, ಆಮೇಲೆ ದಿಣ್ಣೆ. ತ್ರಿಕ್ಲೀನಿಯಂ ಚಿತ್ರಗಳನ್ನು ಹತ್ತಿರದಿಂದ ಓದಿ ಕಣ್ಣು ಪಳಗಿದವರಿಗೆ ಗಾಜಿನ ಹಿಂದಿನ ಮಬ್ಬುಬೆಳಕಿನಲ್ಲಿಯೂ ಗೆರೆಗಳು ಬಿಡಿಸಿಕೊಳ್ಳುತ್ತವೆ. ಚೆರ್ವೆತೆರಿಯಲ್ಲಿ ಇದರ ತಿರುವು: ಬಿಸಿಲೇರುವ ಮೊದಲು ಬಂಡಿತಾಚ್ಚ, ಮಧ್ಯಾಹ್ನ ಊರಿನ ರುಸ್ಪೋಲಿ ಕೋಟೆಯ ಮ್ಯೂಸಿಯಂ. ಅಲ್ಲಿ ಗ್ರೀಕ್ ಚಿತ್ರಕಾರ ಯೂಫ್ರೋನಿಯಸ್ ಬರೆದ ಸಾರ್ಪೆಡಾನ್ ಹೂಜಿಯಿದೆ. ಸತ್ತ ವೀರನನ್ನು ನಿದ್ರೆ ಮತ್ತು ಮರಣ ಎಂಬ ರೆಕ್ಕೆಯ ಅಣ್ಣತಮ್ಮಂದಿರು ಎತ್ತಿಕೊಂಡು ಹೋಗುವ ಚಿತ್ರ ಅದರ ಮೇಲಿದೆ. 1971ರಲ್ಲಿ ಚೆರ್ವೆತೆರಿಯ ಗೋರಿಯೊಂದರಿಂದ ಕಳ್ಳರು ಅಗೆದೊಯ್ದ ಅದನ್ನು ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹತ್ತು ಲಕ್ಷ ಡಾಲರಿಗೆ ಕೊಂಡಿತ್ತು. 2008ರಲ್ಲಿ ಅದು ಇಟಲಿಗೆ ಮರಳಿತು. ಕದ್ದವರು ಅಗೆದು ಕೆಡಿಸಿದ ಗೋರಿಯಲ್ಲಿ ಇನ್ನೇನಿತ್ತು, ಯಾರ ಪಕ್ಕದಲ್ಲಿ ಆ ಹೂಜಿಯನ್ನು ಇಟ್ಟಿದ್ದರು ಎಂಬುದು ಮತ್ತೆ ತಿಳಿಯುವಂತಿಲ್ಲ. ಬೆಳಗ್ಗೆ ಬರಿಮಂಚಗಳನ್ನು ನೋಡಿ ಬಂದವರಿಗೆ ಆ ನಷ್ಟದ ಅಳತೆ ಗೊತ್ತಾಗುತ್ತದೆ. ಎರಡೂ ಊರುಗಳಲ್ಲಿ ಸೋಮವಾರ ರಜೆಯಿರುವ ಸಂಭವ ಹೆಚ್ಚಾದ್ದರಿಂದ ವಾರದ ಬೇರೆ ದಿನವನ್ನು ಇಟ್ಟುಕೊಂಡು, ಹಿಂದಿನ ದಿನ ತೆರೆಯುವ ವೇಳೆಯನ್ನು ಖಚಿತಪಡಿಸಿಕೊಂಡು ಹೊರಡಬೇಕು.